ಬ್ಲೂಬರ್ಡ್‌ಗೆ ಯಾವ ಪೆಟ್ಟಿಗೆ, ಎಲ್ಲಿ, ಯಾವ ಕಂಬ? ಅಮೆರಿಕದ ಕನ್ನಡ ಮನೆಗಳಿಗೊಂದು ಹೋಲಿಕೆ

ಫೆಬ್ರವರಿ ಮುಗಿಯುತ್ತಿದ್ದಂತೆ ನ್ಯೂಜೆರ್ಸಿ, ನಾರ್ತ್ ಕ್ಯಾರೊಲಿನಾ, ಟೆಕ್ಸಸ್ ಕಡೆಯ ಕನ್ನಡಿಗರು ಕೇಳುವ ಪ್ರಶ್ನೆ ಇದು. ಬೇಲಿಯ ಮೇಲೆ ನೀಲಿ ಬೆನ್ನಿನ, ಇಟ್ಟಿಗೆ ಬಣ್ಣದ ಎದೆಯ ಹಕ್ಕಿ ಕೂತಿತ್ತು, ಅದಕ್ಕೊಂದು ಗೂಡುಪೆಟ್ಟಿಗೆ ಇಡೋಣ ಅಂತಿದ್ದೇವೆ, ಯಾವುದು ಕೊಳ್ಳಲಿ? ಅಂಗಡಿಗೆ ಹೋದರೆ ಮರದ್ದು, ಪ್ಲಾಸ್ಟಿಕ್ಕಿನದು, ಗುಂಡು ಕಿಂಡಿಯದು, ಮೊಟ್ಟೆಯಾಕಾರದ ಕಿಂಡಿಯದು, ಚಾವಣಿಗೆ ಬಣ್ಣ ಬಳಿದ ಗೊಂಬೆಮನೆಯಂಥದು ಎಲ್ಲ ಸಾಲಾಗಿ ಇರುತ್ತವೆ. ಒಂದಕ್ಕೆ ಹದಿನೈದು ಡಾಲರ್, ಇನ್ನೊಂದಕ್ಕೆ ಅರವತ್ತು.

ಎಲ್ಲರೂ ಪೆಟ್ಟಿಗೆಯಿಂದಲೇ ಲೆಕ್ಕ ಶುರುಮಾಡುತ್ತಾರೆ. ಆದರೆ ಮರಿಗಳು ಹಾರುವವರೆಗೆ ಉಳಿಯುತ್ತವೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಮೂರು ಬೇರೆ ಸಂಗತಿಗಳು: ಪೆಟ್ಟಿಗೆ ಇಟ್ಟ ಜಾಗ, ಅದನ್ನು ಹೊತ್ತ ಕಂಬ, ವಾರಕ್ಕೊಮ್ಮೆ ಅದನ್ನು ತೆರೆದು ನೋಡುವ ಮನುಷ್ಯ. ಈ ಮೂರೂ ಸರಿಯಿದ್ದರೆ ಸಾಧಾರಣ ಪೆಟ್ಟಿಗೆಯೂ ಕೆಲಸ ಮಾಡುತ್ತದೆ. ಇವಿಲ್ಲದೆ ದುಬಾರಿ ಪೆಟ್ಟಿಗೆ ಇಟ್ಟರೆ ರಕೂನಿಗೆ ಊಟ ಬಡಿಸಿಟ್ಟಂತೆ.

ಮೊದಲು, ನಿಮ್ಮ ಊರಿನದು ಯಾವ ಬ್ಲೂಬರ್ಡ್

ಬ್ಲೂಬರ್ಡ್ ಉತ್ತರ ಅಮೆರಿಕದ್ದೇ ಹಕ್ಕಿ, ಮೂರು ಜಾತಿ. ರಾಕಿ ಪರ್ವತಗಳ ಪೂರ್ವಕ್ಕೆ ಇರುವುದು ಈಸ್ಟರ್ನ್. ಎಡಿಸನ್, ಕೇರಿ, ಅಟ್ಲಾಂಟಾ, ಡಾಲಸ್ ಸುತ್ತ ಕಾಣುವುದು ಇದೇ. ಕ್ಯಾಲಿಫೋರ್ನಿಯಾದ ಫ್ರಿಮಾಂಟ್, ಸ್ಯಾನ್ ಹೋಸೆ ಕಡೆಯದು ವೆಸ್ಟರ್ನ್. ಇದರ ಗಂಡಿಗೆ ಗಂಟಲೂ ನೀಲಿ, ಈಸ್ಟರ್ನ್ ಗಂಡಿಗೆ ಗಂಟಲು ಎದೆಯ ಬಣ್ಣದ್ದೇ. ಮೌಂಟನ್ ಬ್ಲೂಬರ್ಡ್‌ನ ಗಂಡು ಮೈಯೆಲ್ಲ ಆಕಾಶದ ನೀಲಿ, ಎದೆಯಲ್ಲಿ ಕೆಂಪಿಲ್ಲ. ಕೊಲರಾಡೊ, ಐಡಹೊ, ನೆವಾಡದ ಎತ್ತರದ ಬಯಲುಗಳು ಅದರ ಮನೆ. ನಮ್ಮ ನೀಲಕಂಠಕ್ಕೂ ಇವಕ್ಕೂ ನಂಟಿಲ್ಲ. ಇವು ಥ್ರಶ್ ಕುಟುಂಬದ ಪುಟ್ಟ ಹಕ್ಕಿಗಳು.

ಜಾತಿ ಗೊತ್ತಾಗಬೇಕಾದ್ದು ಅಳತೆಗಾಗಿ. ಈಸ್ಟರ್ನ್‌ಗೆ ಒಂದೂವರೆ ಇಂಚು ವ್ಯಾಸದ ಕಿಂಡಿ, ಒಳಗಿನ ತಳ 4×4 ಇಂಚು ಸಾಕು. ವೆಸ್ಟರ್ನ್ ಮತ್ತು ಮೌಂಟನ್‌ಗೆ ಕಿಂಡಿ 1 9/16 ಇಂಚು, ತಳ 5×5 ಇಂಚು. ಒಂದು ಇಂಚಿನ ಹದಿನಾರನೇ ಒಂದು ಭಾಗದ ವ್ಯತ್ಯಾಸ ಎಂದು ಹಗುರವಾಗಿ ನೋಡಬೇಡಿ. ಕಿಂಡಿ ಇನ್ನೂ ದೊಡ್ಡದಾದರೆ ಪೊಟರೆ ಕಸಿಯುವ ಸ್ಟಾರ್ಲಿಂಗ್ ಎಂಬ ಹಕ್ಕಿ ಒಳಗೆ ನುಗ್ಗುತ್ತದೆ. ಒಂದೂವರೆ ಇಂಚಿನಲ್ಲಿ ಸ್ಟಾರ್ಲಿಂಗ್ ತೂರಲಾರದು.

ಈ ಹಕ್ಕಿಗೆ ಪೆಟ್ಟಿಗೆಯೇ ಏಕೆ ಬೇಕು ಎಂದರೆ, ಅದು ಮರದ ಪೊಟರೆಯಲ್ಲಿ ಗೂಡು ಕಟ್ಟುತ್ತದೆ, ಆದರೆ ಪೊಟರೆಯನ್ನು ತಾನೇ ಕೊರೆಯಲಾರದು. ಮರಕುಟಿಗ ಬಿಟ್ಟುಹೋದ ತೂತು, ಕೊಳೆತ ಬೇಲಿಗೂಟ ಇವೇ ಗತಿ. ಒಣಮರಗಳನ್ನು ಕಡಿದರು, ಮರದ ಬೇಲಿಗೂಟದ ಜಾಗಕ್ಕೆ ಕಬ್ಬಿಣ ಬಂತು. 1850ರ ದಶಕದ ಆರಂಭದಲ್ಲಿ ಬ್ರೂಕ್ಲಿನ್‌ನಲ್ಲಿ ಯುರೋಪಿನ ಗುಬ್ಬಿಯನ್ನೂ, 1890 ಮತ್ತು 1891ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸ್ಟಾರ್ಲಿಂಗನ್ನೂ ತಂದು ಬಿಟ್ಟರು. ಉಳಿದ ಪೊಟರೆಗಳನ್ನು ಇವೆರಡು ಹಿಡಿದವು. ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ಈಸ್ಟರ್ನ್ ಬ್ಲೂಬರ್ಡ್ ಬಹಳ ಕಡೆ ಅಪರೂಪವಾಯಿತು. 1978ರಲ್ಲಿ ಲಾರೆನ್ಸ್ ಜೆಲೆನಿ ಉತ್ತರ ಅಮೆರಿಕದ ಬ್ಲೂಬರ್ಡ್ ಸೊಸೈಟಿಯನ್ನು ಶುರುಮಾಡಿದರು. ಅಲ್ಲಿಂದೀಚೆಗೆ ಹಕ್ಕಿ ಮರಳಿ ಬಂದಿರುವುದರಲ್ಲಿ ಸಾಮಾನ್ಯ ಜನ ತಮ್ಮ ಹಿತ್ತಲು, ಪಾರ್ಕು, ಗಾಲ್ಫ್ ಮೈದಾನಗಳಲ್ಲಿ ಇಟ್ಟ ಪೆಟ್ಟಿಗೆಗಳ ಪಾಲು ದೊಡ್ಡದು.

ಯಾವುದರಿಂದ ಅಳೆಯಬೇಕು

ಯಾವ ಪೆಟ್ಟಿಗೆಯನ್ನೇ ಎದುರಿಗಿಟ್ಟುಕೊಂಡರೂ ಈ ಪ್ರಶ್ನೆಗಳನ್ನು ಕೇಳಿ. ಬಾಗಿಲು ಸುಲಭವಾಗಿ ತೆರೆಯುತ್ತದೆಯೇ? ತೆರೆಯಲಾಗದ ಪೆಟ್ಟಿಗೆಯನ್ನು ಕೊಳ್ಳಲೇಬೇಡಿ, ಉಳಿದ ಗುಣಗಳೆಲ್ಲ ಆಮೇಲೆ. ಕಿಂಡಿಯ ಕೆಳಗೆ ಕೂರಲು ಕಡ್ಡಿ ಇದೆಯೇ? ಇರಬಾರದು, ಬ್ಲೂಬರ್ಡ್‌ಗೆ ಅದು ಬೇಡ, ಗುಬ್ಬಿಗೆ ಮಾತ್ರ ಅನುಕೂಲ. ಕಿಂಡಿಯ ಕೆಳಅಂಚಿನಿಂದ ತಳಕ್ಕೆ 5½ರಿಂದ 7 ಇಂಚು ಆಳ ಇದೆಯೇ? ಕಡಿಮೆಯಿದ್ದರೆ ಬೆಕ್ಕು, ರಕೂನ್ ಕೈಹಾಕಿ ಮರಿ ಎಳೆಯುತ್ತವೆ. ಹಲಗೆ ಮುಕ್ಕಾಲು ಇಂಚು ದಪ್ಪ ಇದೆಯೇ? ತೆಳುವಾದರೆ ಬಿಸಿಲಿಗೂ ಚಳಿಗೂ ತಡೆಯಿಲ್ಲ. ಚಾವಣಿಯ ಕೆಳಗೆ ಗಾಳಿಗೆ ಸಂದು, ತಳದ ಮೂಲೆಗಳಲ್ಲಿ ನೀರು ಬಸಿಯಲು ತೂತು, ಮುಂದಕ್ಕೆ ಎರಡರಿಂದ ಐದು ಇಂಚು ಚಾಚಿದ ಚಾವಣಿ, ಮುಂಭಾಗದ ಒಳಮೈಯಲ್ಲಿ ಮರಿಗಳು ಹತ್ತಿ ಬರಲು ಅಡ್ಡ ಗೀರುಗಳು. ಒಳಗೆ ಬಣ್ಣ, ವಾರ್ನಿಷ್, ರಾಸಾಯನಿಕ ಹಾಕಿದ ಮರ ಯಾವುದೂ ಬೇಡ. ಹೊರಗೆ ಬಳಿದರೂ ತಿಳಿ ಬಣ್ಣ ಮಾತ್ರ, ಗಾಢ ಬಣ್ಣ ಬಿಸಿಲು ಹೀರುತ್ತದೆ.

ಪೆಟ್ಟಿಗೆಗಳನ್ನು ತೂಗಿ ನೋಡಿದರೆ

ಸಾದಾ ಸೀಡರ್ ಮರದ ಪೆಟ್ಟಿಗೆ, ಅಂದರೆ ಬ್ಲೂಬರ್ಡ್ ಸೊಸೈಟಿಯ ಅಳತೆಗೆ ಮಾಡಿದ್ದು, ಹೆಚ್ಚಿನವರಿಗೆ ಸರಿಯಾದ ಆಯ್ಕೆ. ಕೊಂಡರೆ ಸುಮಾರು 25ರಿಂದ 40 ಡಾಲರ್. ಬಣ್ಣವಿಲ್ಲದೆ ಹಲವು ವರ್ಷ ಬಾಳುತ್ತದೆ. ಮನೆಯಲ್ಲೇ ಮಾಡುವುದೂ ಕಷ್ಟವಲ್ಲ. ಅಂಗಡಿಯಲ್ಲಿ 1×6 ಎಂದು ಮಾರುವ ಹಲಗೆಯ ನಿಜವಾದ ಅಗಲ 5½ ಇಂಚು, ದಪ್ಪ ಮುಕ್ಕಾಲು. ಮುಂದಿನ, ಹಿಂದಿನ ಹಲಗೆಗಳಿಗೆ ಪೂರ್ತಿ ಅಗಲ ಇಟ್ಟು, ಪಕ್ಕದ ಹಲಗೆಗಳನ್ನು 4 ಇಂಚಿಗೆ ಸೀಳಿ ನಡುವೆ ನಿಲ್ಲಿಸಿದರೆ ಒಳಗಿನ ತಳ ತಾನಾಗಿ 4×4 ಬರುತ್ತದೆ. ಹಿಂದಿನದು 13 ಇಂಚು ಉದ್ದ, ಮುಂದಿನದು ಒಂಬತ್ತೂವರೆ, ಪಕ್ಕದವು ಹತ್ತತ್ತು, ತಳಕ್ಕೆ ನಾಲ್ಕು. ಐದಡಿ ಹಲಗೆಯಲ್ಲಿ ಇಷ್ಟೂ ಆಗುತ್ತದೆ. ಚಾವಣಿಗೆ ಮಾತ್ರ ಇನ್ನೊಂದು ಅಗಲದ ತುಂಡು ಬೇಕು. ಮೊಳೆಗಿಂತ ಸ್ಕ್ರೂ ಮೇಲು, ಮರ ಹಿಗ್ಗಿ ಕುಗ್ಗಿದರೂ ಸಡಿಲವಾಗುವುದಿಲ್ಲ. ಒಂದು ಪಕ್ಕವನ್ನು ಮೇಲ್ಗಡೆ ಎರಡು ಸ್ಕ್ರೂಗಳ ಮೇಲೆ ತಿರುಗುವಂತೆ ಬಿಟ್ಟರೆ ಅದೇ ಬಾಗಿಲು. ಆ ಎರಡೂ ಸ್ಕ್ರೂ, ಎಡಬಲದವು, ಒಂದೇ ಎತ್ತರದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಮನೆಯಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಕೆಡುವುದು ಇಲ್ಲೇ. ಇದರ ಕೊರತೆಯೆಂದರೆ ಗುಬ್ಬಿಗೂ ಇದು ಅಷ್ಟೇ ಇಷ್ಟ.

ಮಿನ್ನೆಸೋಟದ ಡಿಕ್ ಪೀಟರ್ಸನ್ ಅವರ ಹೆಸರಿನ ಪೆಟ್ಟಿಗೆಯ ಮುಖ ಮುಂದಕ್ಕೆ ಓರೆ, ಚಾವಣಿ ಇಳಿಜಾರು ಮತ್ತು ಬಲು ದಪ್ಪ, ಕಿಂಡಿ ಮೊಟ್ಟೆಯಾಕಾರ: 1⅜ ಇಂಚು ಅಗಲ, 2¼ ಇಂಚು ಎತ್ತರ. ಬಿಸಿಲು, ಮಳೆ ಎರಡನ್ನೂ ಚಾವಣಿ ಚೆನ್ನಾಗಿ ತಡೆಯುತ್ತದೆ. ತಳ ಕಿರಿದು, ಆದ್ದರಿಂದ ಹಕ್ಕಿಗೆ ಗೂಡು ಕಟ್ಟುವ ಹುಲ್ಲು ಕಡಿಮೆ ಸಾಕು. ಆದರೆ ಐದು ಮರಿ ಬೆಳೆದಾಗ ಇಕ್ಕಟ್ಟು. ತೂಕ ಹೆಚ್ಚು, ಸಣ್ಣ ಕೊಳವೆಯ ಮೇಲೆ ನಿಲ್ಲದು. ಕೋನಗಳನ್ನು ಕೊಯ್ಯಬೇಕಾದ್ದರಿಂದ ಮೊದಲ ಸಲ ಗರಗಸ ಹಿಡಿಯುವವರಿಗೆ ಸಲ್ಲದು. ಉತ್ತರದ ತಣ್ಣನೆಯ ರಾಜ್ಯಗಳಲ್ಲಿ ಒಳ್ಳೆಯದು. ದಕ್ಷಿಣದಲ್ಲಿ ಅಗಲ ತಳದ ಸಾದಾ ಪೆಟ್ಟಿಗೆಯೇ ಲೇಸು.

ಮೂರನೆಯದು ಗಿಲ್ಬರ್ಟ್‌ಸನ್ ಪೆಟ್ಟಿಗೆ. ತೆಳು ಗೋಡೆಯ ನಾಲ್ಕು ಇಂಚಿನ ಪಿವಿಸಿ ಕೊಳವೆಯ ತುಂಡು, ಮೇಲೊಂದು ಮರದ ಚಾವಣಿ. ಕೊಳವೆಯನ್ನು ಚಾವಣಿಯಿಂದ ಕಳಚಿ ಕೈಗೆ ತೆಗೆದುಕೊಂಡು ನೋಡಬಹುದು. ಹಗುರ, ಅರ್ಧ ಇಂಚಿನ ಕಂಬ ಸಾಕು. ಗುಬ್ಬಿಗಳಿಗೆ ಈ ದುಂಡನೆಯ ಕಿರಿದಾದ ಜಾಗ ಅಷ್ಟು ಹಿಡಿಸುವುದಿಲ್ಲ ಎಂಬುದು ಅನೇಕ ವರ್ಷಗಳಿಂದ ಪೆಟ್ಟಿಗೆ ನೋಡಿಕೊಳ್ಳುವವರ ಅನುಭವ. ‘ಅಷ್ಟು’ ಎಂಬುದನ್ನು ಗಮನಿಸಿ: ಬೇರೆ ಜಾಗ ಸಿಗದಿದ್ದರೆ ಗುಬ್ಬಿ ಇದನ್ನೂ ಬಿಡದು. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಮರಿಯ ಉಗುರು ನಾಟುವುದಿಲ್ಲ, ಒಳಮೈಯನ್ನು ಗೀರಿ ಒರಟು ಮಾಡಿರಲೇಬೇಕು. ಡಾಲಸ್, ಆಸ್ಟಿನ್, ಫೀನಿಕ್ಸ್‌ಗಳ ಜೂನ್ ಬಿಸಿಲಿನಲ್ಲಿ ತೆಳು ಪಿವಿಸಿ ಕಾದು ಮೊಟ್ಟೆ ಹಾಳಾಗುತ್ತದೆ. ಸಂಜೆಯ ಬಿಸಿಲು ಬೀಳದ ಜಾಗ ಇದ್ದರೆ ಮಾತ್ರ ಅಲ್ಲಿ ಯೋಚಿಸಿ.

ಬಣ್ಣಬಣ್ಣದ ಗೊಂಬೆಮನೆ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಬಾಗಿಲಿಲ್ಲ, ಆಳವಿಲ್ಲ, ಕಡ್ಡಿಯೊಂದು ಇದ್ದೇ ಇರುತ್ತದೆ. ಉಡುಗೊರೆಯಾಗಿ ಬಂದಿದ್ದರೆ ಮನೆಯೊಳಗೆ ಇಡಿ.

ಕಂಬದ ಮೇಲೆ ಹಣ ಹಾಕಿ

ಮರದ ಕಾಂಡಕ್ಕೆ ಮೊಳೆ ಹೊಡೆದು ಪೆಟ್ಟಿಗೆ ತಗುಲಿಸುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. ಹಾವು, ರಕೂನ್, ಅಳಿಲು, ಬೆಕ್ಕು ಎಲ್ಲಕ್ಕೂ ಮರ ಏಣಿಯೇ. ಮರದ ಬೇಲಿಯೂ ಹಾಗೆಯೇ. ರಕೂನಿಗೆ ಬೇಲಿಯ ಮೇಲಂಚು ಓಡಾಡುವ ದಾರಿ. ಮೊದಲ ವರ್ಷ ಏನೂ ಆಗದೆ ಮರಿ ಹಾರಿದರೆ ಧೈರ್ಯ ಬರುತ್ತದೆ, ಆದರೆ ಒಮ್ಮೆ ರುಚಿ ಹತ್ತಿದ ರಕೂನ್ ಆ ಪೆಟ್ಟಿಗೆಯನ್ನು ನೆನಪಿಟ್ಟುಕೊಂಡು ಮತ್ತೆ ಬರುತ್ತದೆ.

ಒಳ್ಳೆಯ ಕಂಬವೆಂದರೆ ವಿದ್ಯುತ್ ತಂತಿ ಹಾಯಿಸಲು ಬಳಸುವ ನುಣುಪಾದ ಉಕ್ಕಿನ ಕೊಳವೆ. ಮರದ ಪೆಟ್ಟಿಗೆಗೆ ಮುಕ್ಕಾಲು ಅಥವಾ ಒಂದು ಇಂಚಿನದು, ಗಿಲ್ಬರ್ಟ್‌ಸನ್‌ಗೆ ಅರ್ಧ ಇಂಚಿನದು. ನಾಲ್ಕೈದು ಅಡಿ ಉದ್ದದ ಅರ್ಧ ಇಂಚಿನ ಕಬ್ಬಿಣದ ಸರಳನ್ನು ಎರಡಡಿ ನೆಲಕ್ಕೆ ಬಡಿದು, ಅದರ ಮೇಲೆ ಕೊಳವೆಯನ್ನು ಇಳಿಸಿದರೆ ಸಾಕು. ಕಾಂಕ್ರೀಟ್ ಬೇಡ, ಮುಂದೆ ಜಾಗ ಬದಲಿಸಬೇಕಾದರೆ ಕಿತ್ತು ನೆಡಬಹುದು. ಸರಳು ಬಡಿಯುವ ಮುಂಚೆ 811ಕ್ಕೆ ಕರೆಮಾಡಿ. ಗ್ಯಾಸ್, ವಿದ್ಯುತ್, ಇಂಟರ್ನೆಟ್ ತಂತಿಗಳು ಎಲ್ಲಿವೆಯೆಂದು ಉಚಿತವಾಗಿ ಗುರುತು ಹಾಕಿ ಹೋಗುತ್ತಾರೆ. ಕಿಂಡಿ ನೆಲದಿಂದ ಐದರಿಂದ ಆರಡಿ ಎತ್ತರದಲ್ಲಿರಲಿ, ಕೈಗೆ ಸಿಗುವಂತೆ.

ಕಂಬವೊಂದೇ ಸಾಲದು, ಅದಕ್ಕೆ ಬ್ಯಾಫಲ್ ಬೇಕು, ಅಂದರೆ ಕಂಬ ಹತ್ತಿ ಬರುವ ಪ್ರಾಣಿಗಳಿಗೊಂದು ತಡೆ. ಹೀಟರಿನ ಗಾಳಿ ಹಾಯಿಸುವ ಎಂಟು ಇಂಚು ವ್ಯಾಸದ ತಗಡಿನ ಕೊಳವೆ, ಎರಡರಿಂದ ಎರಡೂವರೆ ಅಡಿ ಉದ್ದ. ಮೇಲ್ಬಾಯಿಯನ್ನು ತಗಡಿನ ಮುಚ್ಚಳದಿಂದಲೋ ಗಟ್ಟಿ ತಂತಿಬಲೆಯಿಂದಲೋ ಮುಚ್ಚಿ, ನಡುವೆ ಕಂಬ ತೂರುವಷ್ಟೇ ತೂತು. ಪೆಟ್ಟಿಗೆಯ ತಳಕ್ಕೆ ಹತ್ತಿರವಾಗಿ, ಬ್ಯಾಫಲ್‌ನ ಮೇಲ್ಬಾಯಿ ನೆಲದಿಂದ ನಾಲ್ಕಡಿಗಿಂತ ಮೇಲಿರುವಂತೆ ಕಂಬಕ್ಕೆ ಕ್ಲಾಂಪ್ ಹಾಕಿ ಅದರ ಮೇಲೆ ಕೂರಿಸಿ. ತುಸು ಅಲುಗಾಡಿದರೆ ಇನ್ನೂ ಒಳ್ಳೆಯದು. ಹಾವು ಕಂಬ ಹತ್ತಿ ಕೊಳವೆಯೊಳಗೆ ಹೋಗಿ ದಾರಿಯಿಲ್ಲದೆ ಇಳಿಯುತ್ತದೆ. ರಕೂನಿಗೆ ತಬ್ಬಿ ಹತ್ತಲು ಹಿಡಿತ ಸಿಗುವುದಿಲ್ಲ. ಆರು ಇಂಚಿನ ಕೊಳವೆ ರಕೂನನ್ನು ತಡೆದರೂ ಉದ್ದನೆಯ ಹಾವನ್ನು ತಡೆಯಲಾರದು. ಹಾವಿಗೆಂದು ಪ್ಲಾಸ್ಟಿಕ್ ಬಲೆ ಸುತ್ತಬೇಡಿ, ಅದರಲ್ಲಿ ಸಿಕ್ಕಿಕೊಂಡು ಹಾವು ನರಳಿ ಸಾಯುತ್ತದೆ. ಟೆಕ್ಸಸ್‌ನಲ್ಲಿ ಬೆಂಕಿ ಇರುವೆಯ ಕಾಟವಿದ್ದರೆ ಬ್ಯಾಫಲ್‌ನ ಒಳಗಡೆ, ಹಕ್ಕಿಯ ರೆಕ್ಕೆ ತಗುಲದ ಕಡೆ, ಕಂಬಕ್ಕೆ ಗ್ರೀಸಿನ ಪಟ್ಟಿ ಹಚ್ಚಿ. ಮರದ ಕೊಂಬೆ, ಬೇಲಿ, ಡೆಕ್ ಕಟಕಟೆಯಿಂದ ಹತ್ತಡಿಯಾದರೂ ದೂರವಿರಲಿ, ಇಲ್ಲವಾದರೆ ಹತ್ತುವ ಬದಲು ಹಾರಿ ಬರುತ್ತವೆ.

ನೀವೇ ಮಾಡಿದರೆ ಕಂಬ, ಸರಳು, ಬ್ಯಾಫಲ್ ಸೇರಿ ಸುಮಾರು 30ರಿಂದ 40 ಡಾಲರ್. ಸಿದ್ಧವಾಗಿ ಕೊಂಡರೆ ಅದರ ಎರಡರಷ್ಟಾಗಬಹುದು. ಕೈಯಲ್ಲಿ 60 ಡಾಲರ್ ಮಾತ್ರ ಇದ್ದರೆ 60ರ ಪೆಟ್ಟಿಗೆ ಕೊಂಡು ಬೇಲಿಗೆ ಹೊಡೆಯಬೇಡಿ. 25ರ ಪೆಟ್ಟಿಗೆ, 35ರ ಕಂಬ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ದಾರಿಯಿದೆ. ಪಾರ್ಕಿನ ಮರದ ಕೊಂಬೆಗೆ, ಉದ್ದನೆಯ ಕೋಲಿನ ತುದಿಯ ಕೊಕ್ಕೆಯಿಂದ ಪೆಟ್ಟಿಗೆಯನ್ನು ಮೇಲೇರಿಸಿ ತೂಗುಹಾಕುತ್ತಾರೆ, ನೋಡಬೇಕಾದಾಗ ಅದೇ ಕೋಲಿನಿಂದ ಇಳಿಸುತ್ತಾರೆ. ಬೆಕ್ಕಿಗೂ ಮನುಷ್ಯರ ಕೈಗೂ ಎಟುಕುವುದಿಲ್ಲ. ಕಂಬ ನೆಡಲು ಅನುಮತಿ ಸಿಗದ ಪಾರ್ಕುಗಳಲ್ಲಿ ವೆಸ್ಟರ್ನ್ ಬ್ಲೂಬರ್ಡ್‌ಗೆ ಇದು ಚೆನ್ನಾಗಿ ಒದಗಿದೆ. ಮರ ಹತ್ತುವ ದೊಡ್ಡ ಹಾವುಗಳಿರುವ ಪೂರ್ವದ ರಾಜ್ಯಗಳಲ್ಲಿ ಇದನ್ನು ಅನುಕರಿಸಬೇಡಿ.

ಗುಬ್ಬಿಯ ವಿಚಾರ

ಕನ್ನಡಿಗರಿಗೆ ಈ ಭಾಗ ಮನಸ್ಸಿಗೆ ಕಷ್ಟವಾಗುತ್ತದೆ. ಬೆಂಗಳೂರಿನಲ್ಲಿ ಗುಬ್ಬಚ್ಚಿ ಕಾಣೆಯಾಯಿತೆಂದು ಮರುಗುತ್ತೇವೆ, ಮಾರ್ಚ್ 20ರಂದು ಗುಬ್ಬಿ ದಿನ ಆಚರಿಸುತ್ತೇವೆ, ರಟ್ಟಿನ ಗೂಡು ಕಟ್ಟಿ ಕಾಳು ಹಾಕುತ್ತೇವೆ. ಅಮೆರಿಕದ ಗುಬ್ಬಿಯೂ ಅದೇ ಜಾತಿ. ಆದರೆ ಅಲ್ಲಿ ಅದು ಹೊರಗಿನಿಂದ ತಂದು ಬಿಟ್ಟದ್ದು, ಮತ್ತು ಬ್ಲೂಬರ್ಡ್‌ನ ಪೆಟ್ಟಿಗೆಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಗಂಡು ಗುಬ್ಬಿ ಒಳಗೆ ನುಗ್ಗಿ ಮೊಟ್ಟೆ ಒಡೆಯುತ್ತದೆ, ಮರಿಗಳನ್ನು ಕುಕ್ಕುತ್ತದೆ, ಕಾವು ಕೂತ ತಾಯಿಯನ್ನು ಒಳಗೇ ಸಿಕ್ಕಿಸಿ ತಲೆಗೆ ಕುಕ್ಕಿ ಕೊಲ್ಲುತ್ತದೆ, ಅದರ ಮೇಲೆಯೇ ತನ್ನ ಗೂಡು ಕಟ್ಟುತ್ತದೆ. ಬ್ಲೂಬರ್ಡ್ ಹೋಗುವ ಯಾವ ಕಿಂಡಿಯಲ್ಲೂ ಗುಬ್ಬಿ ಹೋಗುತ್ತದೆ, ಅಳತೆಯಿಂದ ತಡೆಯುವಂತಿಲ್ಲ. ಆದ್ದರಿಂದ ಪೆಟ್ಟಿಗೆ ಕೊಳ್ಳುವ ಮೊದಲೇ ಯೋಚಿಸಬೇಕಾದ ಪ್ರಶ್ನೆ ಇದು: ಗುಬ್ಬಿ ಬಂದರೆ ನಾನು ಎಲ್ಲಿಯವರೆಗೆ ಹೋಗಬಲ್ಲೆ?

ಯಾರಿಗೂ ನೋವಾಗದ ಕ್ರಮಗಳು ಮೊದಲು. ಡೆಕ್ ಮೇಲೆ ಅಕ್ಕಿ, ನವಣೆ, ಬ್ರೆಡ್ಡಿನ ಚೂರು ಚೆಲ್ಲುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಅದರಿಂದ ಬರುವುದು ಗುಬ್ಬಿಯೇ. ಬ್ಲೂಬರ್ಡ್ ಸಾಮಾನ್ಯವಾಗಿ ಕಾಳು ತಿನ್ನುವುದಿಲ್ಲ, ಹುಳಹುಪ್ಪಟೆ ಮತ್ತು ಹಣ್ಣು ಅದರ ಆಹಾರ. ಪೆಟ್ಟಿಗೆ ಇಡುವುದಾದರೆ ಕಾಳು ಚೆಲ್ಲುವುದನ್ನು ನಿಲ್ಲಿಸಿ. ಕೊಟ್ಟಿಗೆ, ಕುದುರೆಲಾಯ, ಹೋಟೆಲಿನ ಕಸದ ತೊಟ್ಟಿ, ದಟ್ಟ ಮನೆಸಾಲುಗಳಿಂದ ದೂರದ ಬಯಲು ಹುಡುಕಿ. ಬ್ಲೂಬರ್ಡ್ ಮೊದಲ ಮೊಟ್ಟೆ ಇಟ್ಟ ಮೇಲೆ, ಚಾವಣಿಯ ಮೇಲೊಂದು ಕೋಲು ಕಟ್ಟಿ ಹೊಳೆಯುವ ಮೈಲಾರ್ (ತೆಳು ಪ್ಲಾಸ್ಟಿಕ್ ಹಾಳೆ) ಪಟ್ಟಿಗಳು ಚಾವಣಿಯನ್ನು ಸವರುವಂತೆ ಇಳಿಬಿಡಿ. ಮೊಟ್ಟೆಯ ಮೇಲಿನ ಮಮತೆಗೆ ಬ್ಲೂಬರ್ಡ್ ಇದನ್ನು ಸಹಿಸುತ್ತದೆ, ಗುಬ್ಬಿ ಹೆದರುತ್ತದೆ. ಮೊಟ್ಟೆಗೆ ಮುಂಚೆ ಕಟ್ಟಿದರೆ ಬ್ಲೂಬರ್ಡ್ ಕೂಡ ಓಡುತ್ತದೆ. ಮರಿ ಹಾರಿದ ಕೂಡಲೇ ಪಟ್ಟಿ ಬಿಚ್ಚಿಡಿ, ಗುಬ್ಬಿಗೆ ಅದು ಅಭ್ಯಾಸವಾಗಬಾರದು.

ಎರಡನೆಯ ಹಂತ, ಗುಬ್ಬಿ ಆಗಲೇ ಪೆಟ್ಟಿಗೆ ಹಿಡಿದಿದ್ದರೆ. ಒಣಹುಲ್ಲು, ಕಾಗದ, ಗರಿ, ಪ್ಲಾಸ್ಟಿಕ್ ಎಲ್ಲ ತುರುಕಿದ ಗೊಂದಲದ ಗೂಡು ಗುಬ್ಬಿಯದು. ಅದನ್ನು ಕಿತ್ತು ಎಸೆಯುತ್ತಲೇ ಇದ್ದರೆ ಹೋಗುತ್ತದೆ ಎಂದು ತೋರುತ್ತದೆ, ಆದರೆ ಗಂಡು ಗುಬ್ಬಿಯ ಹಟ ಗೂಡಿನ ಮೇಲಲ್ಲ, ಆ ಜಾಗದ ಮೇಲೆ. ಗೂಡು ಕಿತ್ತ ಸಿಟ್ಟಿಗೆ ಅಕ್ಕಪಕ್ಕದ ಪೆಟ್ಟಿಗೆಗಳಿಗೆ ಹೋಗಿ ಅಲ್ಲಿಯ ಮೊಟ್ಟೆ ಒಡೆದದ್ದೂ ಉಂಟು. ಹತ್ತಿರದಲ್ಲಿ ಬ್ಲೂಬರ್ಡ್ ಗೂಡಿದ್ದರೆ ಗುಬ್ಬಿಯ ಗೂಡನ್ನು ಹಾಗೇ ಬಿಟ್ಟು, ಮೊಟ್ಟೆಗಳಿಗೆ ಅಡುಗೆಯ ಮೆಕ್ಕೆಜೋಳದ ಎಣ್ಣೆ ಸವರಿ ಮತ್ತೆ ಅಲ್ಲೇ ಇಡುವುದು ಜಾಣತನ. ಎಣ್ಣೆ ಗಾಳಿಯನ್ನು ತಡೆಯುತ್ತದೆ, ಮೊಟ್ಟೆಯಿಂದ ಮರಿ ಹೊರಬರುವುದಿಲ್ಲ, ಗುಬ್ಬಿ ಕಾವು ಕೂತು ಕಾಲ ಕಳೆಯುತ್ತದೆ.

ಮೂರನೆಯದು, ಪೆಟ್ಟಿಗೆಯೊಳಗೆ ಬಲೆ ಇಟ್ಟು ಗಂಡು ಗುಬ್ಬಿಯನ್ನು ಹಿಡಿದು ಇಲ್ಲವಾಗಿಸುವುದು. ಒಕ್ಕೂಟದ ಕಾನೂನಿನಲ್ಲಿ ಗುಬ್ಬಿಗೂ ಸ್ಟಾರ್ಲಿಂಗಿಗೂ ರಕ್ಷಣೆಯಿಲ್ಲ, ರಾಜ್ಯದ ನಿಯಮ ನೋಡಿಕೊಳ್ಳಬೇಕು. ದೊಡ್ಡ ‘ಹಾದಿ’ಗಳನ್ನು, ಅಂದರೆ ಸಾಲಾಗಿ ನೆಟ್ಟ ಪೆಟ್ಟಿಗೆಗಳನ್ನು, ನೋಡಿಕೊಳ್ಳುವ ಅನುಭವಿಗಳಲ್ಲಿ ಹಲವರು ಇದನ್ನೇ ಮಾಡುತ್ತಾರೆ, ಫಲವೂ ಇದರಿಂದಲೇ ಹೆಚ್ಚು. ಬಲೆ ಇಟ್ಟರೆ ಗಂಟೆಗೊಮ್ಮೆಯಾದರೂ ನೋಡಲೇಬೇಕು, ಬೇರೆ ಹಕ್ಕಿ ಸಿಕ್ಕಿದ್ದರೆ ಒಡನೆ ಬಿಡಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದಕ್ಕೆ ಮನಸ್ಸು ಒಪ್ಪದು, ಒಪ್ಪಬೇಕೆಂದೂ ಇಲ್ಲ. ಒಪ್ಪದವರು ಮಾಡಬೇಕಾದ್ದು ಒಂದೇ: ಗುಬ್ಬಿ ಬಿಡುವಂತೆ ಕಾಣದಿದ್ದರೆ ಕಿಂಡಿ ಮುಚ್ಚಿ, ಪೆಟ್ಟಿಗೆ ಕಳಚಿ, ಬೇರೆ ಕಡೆ ನೆಡಿ. ಗುಬ್ಬಿ ಮರಿಮಾಡುವ ಪೆಟ್ಟಿಗೆಯನ್ನು ಹಾಗೇ ಬಿಡುವುದು ಮಾತ್ರ ಪೆಟ್ಟಿಗೆ ಇಡದೇ ಇರುವುದಕ್ಕಿಂತ ಕೆಟ್ಟದ್ದು. ಮುಂದಿನ ವರ್ಷ ಬ್ಲೂಬರ್ಡ್‌ಗಳನ್ನು ಕೊಲ್ಲುವ ಗುಬ್ಬಿಗಳು ಅಲ್ಲೇ ಹುಟ್ಟುತ್ತವೆ.

ದಟ್ಟ ಟೌನ್‌ಹೌಸ್ ಬಡಾವಣೆಯಲ್ಲಿದ್ದು ಸುತ್ತ ಗುಬ್ಬಿಯೇ ತುಂಬಿದ್ದರೆ ಬ್ಲೂಬರ್ಡ್ ಆಸೆ ಬಿಟ್ಟು 1⅛ ಇಂಚಿನ ಕಿಂಡಿಯ ಪೆಟ್ಟಿಗೆ ಇಡಿ. ಗುಬ್ಬಿ ಅದರಲ್ಲಿ ತೂರಲಾರದು, ಚಿಕಡೀ ಎಂಬ ಪುಟ್ಟ ನಾಡಹಕ್ಕಿ ತೂರುತ್ತದೆ.

ಇನ್ನುಳಿದ ಹಕ್ಕಿಗಳ ವಿಚಾರದಲ್ಲಿ ಎಚ್ಚರ ಬೇಕು. ಟ್ರೀ ಸ್ವಾಲೋ (ಹುಲ್ಲಿನ ಗೂಡು, ಮೇಲೆ ಬಿಳಿ ಗರಿ), ಹೌಸ್ ರೆನ್ (ಕಡ್ಡಿಗಳ ರಾಶಿ), ಚಿಕಡೀ (ಪಾಚಿ, ಪ್ರಾಣಿಯ ರೋಮ) ಇವೆಲ್ಲ 1918ರ ವಲಸೆ ಹಕ್ಕಿಗಳ ಕಾಯ್ದೆಯಡಿ ಬ್ಲೂಬರ್ಡ್‌ನಷ್ಟೇ ರಕ್ಷಿತ. ಮೊಟ್ಟೆಯಿಟ್ಟ ಅವುಗಳ ಗೂಡು ಮುಟ್ಟುವಂತಿಲ್ಲ. ರೆನ್ ಕೂಡ ಬ್ಲೂಬರ್ಡ್ ಮೊಟ್ಟೆಗೆ ತೂತು ಕೊರೆಯುತ್ತದೆ, ಆದರೆ ಅದಕ್ಕೆ ಪರಿಹಾರ ಪೊದೆಗಳಿಂದ ದೂರ ಬಯಲಿನಲ್ಲಿ ಪೆಟ್ಟಿಗೆ ಇಡುವುದು ಮಾತ್ರ. ಬ್ಲೂಬರ್ಡ್‌ನ ಗೂಡು ನುಣ್ಣನೆಯ ಹುಲ್ಲಿನದೋ ಪೈನ್ ಎಲೆಯದೋ ಅಚ್ಚುಕಟ್ಟಾದ ಬಟ್ಟಲು. ಮೊಟ್ಟೆ ತಿಳಿನೀಲಿ, ಆಗೊಮ್ಮೆ ಈಗೊಮ್ಮೆ ಬಿಳಿ.

ಒಂದು, ಜೋಡಿ, ಅಥವಾ ಊರಿಗೊಂದು ಹಾದಿ

ಅರ್ಧ ಎಕರೆಯೋ ಹೆಚ್ಚೋ ಇದ್ದು, ಕತ್ತರಿಸಿದ ಹುಲ್ಲು, ಅಲ್ಲೊಂದು ಇಲ್ಲೊಂದು ಮರ ಇದ್ದರೆ ಒಂದು ಪೆಟ್ಟಿಗೆ ಸಾಕು. ಬ್ಲೂಬರ್ಡ್ ಎತ್ತರದಲ್ಲಿ ಕೂತು ಹುಲ್ಲಿನಲ್ಲಿ ಹರಿಯುವ ಹುಳುವನ್ನು ಕಂಡು ಕೆಳಗೆ ಎರಗುತ್ತದೆ, ಹಾಗಾಗಿ ನೆಲ ಕಾಣಬೇಕು. ಕಿಂಡಿ ಬಯಲಿನ ಕಡೆಗಿರಲಿ, ಗಾಳಿಮಳೆ ಹೊಡೆಯುವ ದಿಕ್ಕಿಗೆ ಬೇಡ. ಸೆಖೆಯ ಊರಿನಲ್ಲಿ ಪೂರ್ವಕ್ಕೆ. ಮೊದಲ ಹಾರಾಟದಲ್ಲಿ ಮರಿಗೆ ಆಸರೆಯಾಗಲು ಎದುರಿಗೆ ಐವತ್ತರಿಂದ ನೂರಡಿಯಲ್ಲಿ ಮರವೊಂದಿದ್ದರೆ ಒಳ್ಳೆಯದು.

ಟ್ರೀ ಸ್ವಾಲೋ ಹೆಚ್ಚಿರುವ ಉತ್ತರದ ರಾಜ್ಯಗಳಲ್ಲಿ ಹದಿನೈದಿಪ್ಪತ್ತು ಅಡಿ ಅಂತರದಲ್ಲಿ ಎರಡು ಪೆಟ್ಟಿಗೆ ಜೋಡಿಯಾಗಿ ಇಡುತ್ತಾರೆ. ಸ್ವಾಲೋ ಒಂದನ್ನು ಹಿಡಿದರೆ ಪಕ್ಕದಲ್ಲಿ ಇನ್ನೊಂದು ಸ್ವಾಲೋ ಜೋಡಿಯನ್ನು ಬಿಡುವುದಿಲ್ಲ, ಆದರೆ ಬ್ಲೂಬರ್ಡನ್ನು ಬಿಡುತ್ತದೆ. ಖರ್ಚು ಇಮ್ಮಡಿ, ಆದರೆ ಎರಡು ನಾಡಹಕ್ಕಿಗಳಿಗೂ ಜಾಗ.

ಹಿತ್ತಲು ಚಿಕ್ಕದಾದವರಿಗೆ, ಅಥವಾ ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಕಂಬಕ್ಕೆ ಅನುಮತಿ ಕೊಡದವರಿಗೆ ಹಾದಿ ಮಾಡುವುದೇ ಮೇಲಾದ ದಾರಿ. ಊರಿನ ಪಾರ್ಕ್ ಇಲಾಖೆ, ಶಾಲೆ, ಗಾಲ್ಫ್ ಮೈದಾನದವರ ಅನುಮತಿ ಪಡೆದು ಐದಾರು ಪೆಟ್ಟಿಗೆಗಳನ್ನು ಸಾಲಾಗಿ ನೆಡುವುದು. ಈಸ್ಟರ್ನ್‌ಗೆ ನೂರು ಗಜ ಅಂತರ, ಉಳಿದ ಎರಡಕ್ಕೆ ಮುನ್ನೂರು ಗಜ. ಅನುಮತಿ ಕೇಳುವಾಗ ಪೆಟ್ಟಿಗೆಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಸರದಿ ಪಟ್ಟಿಯನ್ನೂ ಜೊತೆಗೆ ಕೊಟ್ಟರೆ ಅನುಮತಿ ಕೊಡುವವರಿಗೆ ನಂಬಿಕೆ ಬರುತ್ತದೆ. ಮಾರ್ಚಿನಿಂದ ಆಗಸ್ಟಿನವರೆಗೆ ವಾರಕ್ಕೊಮ್ಮೆ, ಒಬ್ಬರಿಗೆ ಒಂದು ಗಂಟೆ ಕೆಲಸ. ಕನ್ನಡ ಕೂಟದ ನಾಲ್ಕು ಮನೆಯವರು ಸರದಿ ಹಂಚಿಕೊಂಡರೆ ಬೇಸಿಗೆಯಲ್ಲಿ ಒಂದು ಮನೆ ಬೆಂಗಳೂರಿಗೆ ಹೋದರೂ ಹಾದಿ ಅನಾಥವಾಗುವುದಿಲ್ಲ. ಬೇಸಿಗೆಯಲ್ಲಿ ಊರಿಗೆ ಹೋಗುವ ಈ ಪ್ರಯಾಣವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ: ಜೂನ್, ಜುಲೈನಲ್ಲಿ ಎರಡನೇ ಸಲದ ಮರಿಗಳು ಪೆಟ್ಟಿಗೆಯಲ್ಲಿರುತ್ತವೆ. ಇಪ್ಪತ್ತು ಪೆಟ್ಟಿಗೆ ನೆಟ್ಟು ನೋಡದೆ ಬಿಡುವ ಉತ್ಸಾಹಕ್ಕಿಂತ ಐದನ್ನು ನೆಟ್ಟು ನೋಡಿಕೊಳ್ಳುವುದು ಹಕ್ಕಿಗೆ ಹಿತ.

ತೆರೆದು ನೋಡುವುದೆಂದರೆ ಭಯ ಬೇಡ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬ ನಮ್ಮ ಕಡೆಯ ನಂಬಿಕೆ ಇಲ್ಲಿ ಸಲ್ಲದು. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ತಾಯಿ ಹಾರಿದ ಮೇಲೆ ಬಾಗಿಲು ತೆರೆದು, ಎಣಿಸಿ, ಅರ್ಧ ನಿಮಿಷದಲ್ಲಿ ಮುಚ್ಚಿ. ಮಳೆ, ಚಳಿಗಾಳಿಯ ದಿನ ಬೇಡ. ದಿನಕ್ಕೊಂದರಂತೆ ನಾಲ್ಕೈದು ಮೊಟ್ಟೆ, ಕೊನೆಯದಿಟ್ಟ ಮೇಲೆ 12ರಿಂದ 14 ದಿನ ಕಾವು, ಮರಿಯಾಗಿ 17ರಿಂದ 21 ದಿನಕ್ಕೆ ಹಾರಾಟ. ಮರಿಗೆ 12–13 ದಿನವಾದ ಮೇಲೆ ಬಾಗಿಲು ತೆರೆಯಬೇಡಿ, ಬೆದರಿ ಹಾರಲಾಗದೆ ಹೊರಬೀಳುತ್ತವೆ. ಮರಿ ಹಾರಿದ ಮೇಲೆ ಹಳೆಯ ಗೂಡನ್ನು ಚೀಲಕ್ಕೆ ಹಾಕಿ ಕಸಕ್ಕೆ ಕೊಡಿ. ಪೆಟ್ಟಿಗೆಯ ಬುಡದಲ್ಲಿ ಎಸೆದರೆ ವಾಸನೆಗೆ ರಕೂನ್ ಬರುತ್ತದೆ. ಎಣಿಕೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯದ ನೆಸ್ಟ್‌ವಾಚ್‌ಗೆ ಕಳಿಸಬಹುದು, ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸ.

ಪೆಟ್ಟಿಗೆಯೇ ಇಡದೆ

ವಾರವಾರ ನೋಡಲಾಗದವರು, ಅಪಾರ್ಟ್‌ಮೆಂಟಿನಲ್ಲಿರುವವರು, ಬಾಡಿಗೆ ಮನೆಯವರು ಪೆಟ್ಟಿಗೆ ಇಡದೆಯೂ ಬಹಳ ಮಾಡಬಹುದು. ಮೊದಲನೆಯದು ಖರ್ಚಿಲ್ಲದ್ದು, ಬದಲಿಗೆ ಹಣ ಉಳಿಸುವಂಥದ್ದು: ಹುಲ್ಲಿಗೆ ಕೀಟನಾಶಕ ಹೊಡೆಯುವ ಕಂಪನಿಯ ಒಪ್ಪಂದ ನಿಲ್ಲಿಸುವುದು. ಮರಿಗಳನ್ನು ಸಾಕುವುದು ಹುಲ್ಲಿನಲ್ಲಿರುವ ಮಿಡತೆ, ಕಂಬಳಿಹುಳು, ಜೀರುಂಡೆಗಳ ಮೇಲೆ. ಅವನ್ನೆಲ್ಲ ಕೊಂದು ಪೆಟ್ಟಿಗೆ ಇಟ್ಟರೆ ಮನೆ ಕೊಟ್ಟು ಅಡುಗೆಮನೆಗೆ ಬೀಗ ಹಾಕಿದ ಹಾಗೆ. ಎಚ್‌ಒಎ ಸಭೆಯಲ್ಲಿ ಸಾಮೂಹಿಕ ಮೈದಾನದ ಸಿಂಪಡಣೆಯ ಪ್ರಶ್ನೆ ಎತ್ತಿ ನಿಲ್ಲಿಸಿದರೆ ಹತ್ತು ಪೆಟ್ಟಿಗೆ ನೆಟ್ಟದ್ದಕ್ಕಿಂತ ಹೆಚ್ಚು ಉಪಕಾರ.

ಎರಡನೆಯದು ಹಣ್ಣಿನ ಗಿಡ. ಚಳಿಗಾಲದಲ್ಲಿ ಹುಳು ಸಿಗದಾಗ ಬ್ಲೂಬರ್ಡ್ ಹಣ್ಣಿನ ಮೇಲೆ ಬದುಕುತ್ತದೆ. ಪೂರ್ವದಲ್ಲಿ ಡಾಗ್‌ವುಡ್, ಅಮೆರಿಕನ್ ಹಾಲಿ, ವಿಂಟರ್‌ಬೆರಿ, ಈಸ್ಟರ್ನ್ ರೆಡ್‌ಸೀಡರ್ ನಾಡಗಿಡಗಳು. ಹಾಲಿಗೂ ವಿಂಟರ್‌ಬೆರಿಗೂ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣೊಂದನ್ನೇ ತಂದು ನೆಟ್ಟು, ಸುತ್ತಮುತ್ತ ಗಂಡು ಗಿಡವಿಲ್ಲದಿದ್ದರೆ, ಹಣ್ಣು ಬರಲಿಲ್ಲವೆಂದು ಕಾಯುತ್ತಾ ಕೂರಬೇಕಾಗುತ್ತದೆ. ಮನೆಮುಂದೆ ಕೆಂಪು ಗೊಂಚಲಿನ ನಂದಿನಾ ಗಿಡವಿದ್ದರೆ ಹಣ್ಣು ಕತ್ತರಿಸಿ ಹಾಕಿ. ಅದರಲ್ಲಿ ಸಯನೈಡ್ ಅಂಶವಿದೆ, ಹೆಚ್ಚು ತಿಂದ ಸೀಡರ್ ವ್ಯಾಕ್ಸ್‌ವಿಂಗ್ ಹಕ್ಕಿಗಳು ಜಾರ್ಜಿಯಾದಲ್ಲಿ ಸತ್ತದ್ದು ದಾಖಲಾಗಿದೆ.

ಮೂರನೆಯದು ಮೀಲ್‌ವರ್ಮ್ ಎಂಬ ಹುಳು ಕೊಂಡು ನುಣುಪು ಬದಿಯ ಬಟ್ಟಲಿನಲ್ಲಿಡುವುದು. ಹಕ್ಕಿ ಬಲು ಬೇಗ ಒಗ್ಗುತ್ತದೆ, ನೋಡಲು ಸೊಗಸು. ಆದರೆ ಇದು ದುಬಾರಿ, ಹುಳುವಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಜೀವಂತ ಹುಳುವನ್ನು ಫ್ರಿಜ್ಜಿನಲ್ಲಿಡಬೇಕು. ಸಸ್ಯಾಹಾರಿ ಅಡುಗೆಮನೆಯಲ್ಲಿ ಹಿರಿಯರು ಒಪ್ಪದಿದ್ದರೆ ಒತ್ತಾಯಿಸಬೇಡಿ, ಅದೇ ದುಡ್ಡಿಗೆ ವಿಂಟರ್‌ಬೆರಿಯ ಒಂದು ಗಂಡು, ಎರಡು ಹೆಣ್ಣು ಗಿಡ ಬರುತ್ತವೆ. ಹಿಮ ಬಿದ್ದು ನೆಲ ಮುಚ್ಚಿದ ದಿನಗಳಲ್ಲಿ, ಮೊದಲ ಮರಿಗಳ ಸಮಯದಲ್ಲಿ ಸತತ ಮಳೆ ಹಿಡಿದಾಗ ಮಾತ್ರ ಹುಳು ಕೊಟ್ಟರೆ ಅದರಿಂದ ನಿಜವಾದ ಉಪಯೋಗ.

ದಕ್ಷಿಣದ ರಾಜ್ಯಗಳಲ್ಲಿ ಪೆಟ್ಟಿಗೆ ಫೆಬ್ರವರಿ ಮುಗಿಯುವುದರೊಳಗೆ, ಉತ್ತರದಲ್ಲಿ ಮಾರ್ಚ್ ನಡುವಿನೊಳಗೆ ಕಂಬ ಏರಿರಲಿ. ಏಪ್ರಿಲಿನಲ್ಲಿ ನೆಟ್ಟರೂ ವ್ಯರ್ಥವಲ್ಲ, ಎರಡನೇ ಸಲ ಗೂಡು ಕಟ್ಟುವಾಗ ಬರಬಹುದು. ಮೊದಲ ವರ್ಷ ಯಾವ ಹಕ್ಕಿಯೂ ಬಾರದಿದ್ದರೆ ಕಳಚಬೇಡಿ, ಚಳಿಗಾಲದ ರಾತ್ರಿಗಳಲ್ಲಿ ಬ್ಲೂಬರ್ಡ್‌ಗಳು ಬೆಚ್ಚಗಿರಲು ಒಂದೇ ಪೆಟ್ಟಿಗೆಯಲ್ಲಿ ಹಲವು ಕೂಡಿ ಮಲಗುತ್ತವೆ. ಎರಡನೇ ವರ್ಷವೂ ಖಾಲಿಯಾದರೆ ಪೆಟ್ಟಿಗೆ ಬದಲಿಸುವುದಲ್ಲ, ಕಂಬ ಕಿತ್ತು ಇನ್ನಷ್ಟು ಬಯಲಿಗೆ ಸರಿಸಿ ನೋಡಿ.